ಪಟ್ಟಿಯ ಒಳಗಿನ ಕೆರೆ, ಹೊರಗಿನ ಕೆರೆ

ಕೇಳುಗರೇ, ನಮಸ್ಕಾರ.

ಹಗರಿಬೊಮ್ಮನಹಳ್ಳಿ ಕಡೆಯವರು ಅಂಕಸಮುದ್ರದ ಕೆರೆ ನೋಡಿಯೇ ಇರುತ್ತೀರಿ. ನೀರಿನ ನಡುವೆ ಜಾಲಿ ಮರಗಳು, ಮರದ ತುಂಬ ಗೂಡುಗಳು. ಹೊಲಕ್ಕೆ ನೀರು ಹಾಯಿಸಲು ಕಟ್ಟಿದ ಕೆರೆ ಅದು, ಸುಮಾರು 244 ಎಕರೆ. 2024ರ ಜನವರಿಯಲ್ಲಿ ಈ ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಕುಮಟಾದ ಅಘನಾಶಿನಿ ಅಳಿವೆಗೆ ಒಟ್ಟಿಗೇ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಅವು ಸೇರಿದವು. ರಂಗನತಿಟ್ಟಿಗೆ 2022ರಲ್ಲೇ ಸಿಕ್ಕಿತ್ತು.

ರಾಮ್ಸಾರ್ ಅನ್ನುವುದು ಇರಾನಿನ ಒಂದು ಊರು, ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿದೆ. ಕೆರೆ, ಅಳಿವೆಯಂಥ ಜೌಗು ಪ್ರದೇಶಗಳನ್ನು ಉಳಿಸುವ ಒಪ್ಪಂದಕ್ಕೆ 1971ರ ಫೆಬ್ರವರಿ 2ರಂದು ಅಲ್ಲಿ ಸಹಿ ಬಿತ್ತು. ಭಾರತ ಸೇರಿದ್ದು 1982ರಲ್ಲಿ. ಕೆರೆ ನಮ್ಮದು, ಇದಕ್ಕೆ ಬೇರೆ ದೇಶಗಳ ಒಪ್ಪಂದ ಯಾಕೆ ಅಂತ ಕೇಳುವವರಿದ್ದಾರೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುವುದು ಹಿಮಾಲಯದ ಆಚೆ. ಅಲ್ಲಿನ ಸರೋವರ ಬತ್ತಿದರೆ ಇಲ್ಲಿಗೆ ಹಕ್ಕಿ ಬರಲ್ಲ, ಇಲ್ಲಿನದು ಹಾಳಾದರೆ ಅಲ್ಲಿ ಮರಿ ಕಡಿಮೆ. ಒಂದೇ ದೇಶ ಕಾನೂನು ಮಾಡಿದರೆ ಸಾಲದು, ಅಲ್ವಾ?

ಈ ಒಪ್ಪಂದದಲ್ಲಿ ದಂಡ, ಜೈಲು ಏನೂ ಇಲ್ಲ. ಪಟ್ಟಿಗೆ ಸೇರಿಸಿದ ಜಾಗ ಕೆಡುತ್ತಿದ್ದರೆ ಆ ದೇಶವೇ ತಿಳಿಸಬೇಕು, ಅಷ್ಟೇ. ಸುಮ್ನೆ ಕಾಗದ ಅಂತ ತಳ್ಳಿಹಾಕಬೇಡಿ. ಒಡಿಶಾದ ಚಿಲಿಕಾ ಸರೋವರದಲ್ಲಿ ಏನಾಯಿತು ನೋಡಿ. ಸಮುದ್ರಕ್ಕೆ ಸೇರುವ ಬಾಯಿಯಲ್ಲಿ ಹೂಳು ತುಂಬಿತು, ಉಪ್ಪು ನೀರು ಒಳಗೆ ಬರುವುದು ಕಡಿಮೆಯಾಯಿತು, ಕಳೆ ಹಬ್ಬಿತು, ಮೀನುಗಾರರ ಬಲೆ ಖಾಲಿಯಾಗತೊಡಗಿತು. 1993ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಚಿಲಿಕಾದ ಹೆಸರು ಹೋಯಿತು. ಜಗತ್ತಿನ ಮುಂದೆ ಅದು ನಾಚಿಕೆಯ ವಿಷಯವೇ. 2000ನೇ ಇಸವಿಯಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಉಪ್ಪು ನೀರು ಬಂತು, ಮೀನು, ಸಿಗಡಿ, ಏಡಿ ಮತ್ತೆ ಸಿಗತೊಡಗಿದವು, 2002ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆದರು.

ಪಟ್ಟಿಗೆ ಸೇರಿದರೆ ಬೇಲಿ ಹಾಕಿ ಜನರನ್ನು ಓಡಿಸುತ್ತಾರೆ ಅನ್ನುವ ಭಯ ಜಾಸ್ತಿ ಇದೆ. ಒಪ್ಪಂದ ಹೇಳುವುದು ಅದಲ್ಲ. ಅಘನಾಶಿನಿಯಲ್ಲಿ ನೀರು ಇಳಿದಾಗ ಹೆಂಗಸರು ಮೊಣಕಾಲಷ್ಟು ಕೆಸರಲ್ಲಿ ನಿಂತು ಬಳಚು ಅನ್ನುವ ಚಿಪ್ಪುಜೀವಿ ಆರಿಸುತ್ತಾರೆ, ಬುಟ್ಟಿ ತುಂಬಿಸಿ ಸಂತೆಗೆ ಒಯ್ಯುತ್ತಾರೆ. ಪಕ್ಕದ ಗಜನಿಯಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪು ನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ನೀರನ್ನೂ ನೆಲವನ್ನೂ ಕೆಡಿಸದೆ ಹೀಗೆ ಬದುಕುವುದನ್ನೇ ಒಪ್ಪಂದ ಬಯಸುತ್ತದೆ.

ನನ್ನ ತಕರಾರು ಇರುವುದು ನಮ್ಮದೇ ದೇಶದ ನಿಯಮದ ಮೇಲೆ. ರಾಮ್ಸಾರ್ ಒಪ್ಪಂದದ ಪ್ರಕಾರ ಮನುಷ್ಯರು ಕಟ್ಟಿದ ಕೆರೆಯೂ ಜೌಗು ಪ್ರದೇಶವೇ, ವರ್ಷದಲ್ಲಿ ಕೆಲವು ತಿಂಗಳು ಮಾತ್ರ ನೀರಿದ್ದರೂ ಸರಿ. ಕೇಂದ್ರದ 2017ರ ಜೌಗು ಪ್ರದೇಶ ನಿಯಮದಲ್ಲಿ ಮಾತ್ರ ನೀರಾವರಿಗೆ, ಕುಡಿಯುವ ನೀರಿಗೆ ಅಂತಲೇ ಕಟ್ಟಿದ್ದನ್ನೆಲ್ಲ ಹೊರಗಿಟ್ಟಿದ್ದಾರೆ, ಭತ್ತದ ಗದ್ದೆಯನ್ನೂ ಬಿಟ್ಟಿದ್ದಾರೆ. ಅಂಕಸಮುದ್ರ ರಾಮ್ಸಾರ್ ತಾಣ, ವನ್ಯಜೀವಿ ಕಾಯ್ದೆಯಡಿ ಪಕ್ಷಿ ಸಂರಕ್ಷಣಾ ಮೀಸಲೂ ಹೌದು, ಹಾಗಾಗಿ ಅದಕ್ಕೆ ರಕ್ಷಣೆ ಇದೆ. ಅದೇ ಮಳೆ, ಅದೇ ಮಣ್ಣು, ಅವೇ ಹಕ್ಕಿಗಳಿರುವ ಅಕ್ಕಪಕ್ಕದ ನೀರಾವರಿ ಕೆರೆಗಳಿಗೆ ಆ ರಕ್ಷಣೆಯೂ ಇಲ್ಲ, ಈ ನಿಯಮದ ರಕ್ಷಣೆಯೂ ಸಿಗಲ್ಲ. ಕೆರೆಗಳಿಗೆ ರಾಜ್ಯದ ಬೇರೆ ಕಾಯ್ದೆ ಇದೆ, ನಿಜ. ಆದರೆ ಅಂಕಸಮುದ್ರದಲ್ಲಿ ಗೂಡು ಕಟ್ಟುವ ಕೊಕ್ಕರೆ ಮರಿಗೆ ಮೀನು ಹುಡುಕಿಕೊಂಡು ಸುತ್ತಲಿನ ಕೆರೆ, ಗದ್ದೆಗಳಿಗೂ ಹೋಗುತ್ತದೆ. ಒಂದು ಕೆರೆಯನ್ನು ಕಾದು ಉಳಿದವನ್ನು ಬಿಟ್ಟರೆ ಆ ಗೂಡುಗಳೂ ಉಳಿಯಲ್ಲ. ದಕ್ಷಿಣ ಭಾರತದ ಊರೂರಲ್ಲೂ ಇರುವುದು ಇಂಥ ಕಟ್ಟಿದ ಕೆರೆಗಳೇ. ಅವನ್ನು ಹೊರಗಿಡುವ ಆ ಮಾತನ್ನು ಕೇಂದ್ರ ಸರ್ಕಾರ ನಿಯಮದಿಂದ ತೆಗೆಯಬೇಕು, ತೆಗೆಯಿರಿ ಅಂತ ನಮ್ಮ ರಾಜ್ಯವೇ ಮೊದಲು ಬರೆದು ಕೇಳಬೇಕು.

ನಮಸ್ಕಾರ.