ಕ್ರೆಮ್ಲಿನ್ ಮೇಜಿನ ಮೇಲಿನ ಕಾಗದದ ತುಂಡು

ಶ್ರೋತೃ ಬಾಂಧವರಿಗೆ ನಮಸ್ಕಾರ.

ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವಿನ ಶೀತಲ ಸಮರವು ಬಂಡವಾಳಶಾಹಿಗೂ ಕಮ್ಯುನಿಸಂಗೂ ಇದ್ದ ತಾತ್ವಿಕ ವಿರೋಧದಿಂದ ಹುಟ್ಟಿತೆಂದು ಶಾಲೆಯಲ್ಲಿ ಓದಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ಆ ವಿರೋಧ ರಷ್ಯದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ 1917ರಿಂದಲೂ ಇತ್ತು. ಹಾಗಿದ್ದೂ ಹಿಟ್ಲರನ ವಿರುದ್ಧ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತು ಹೋರಾಡಿದರು. ಜಗಳ ಹುಟ್ಟಿದ್ದು ನೆಲಕ್ಕಾಗಿ. ಯುದ್ಧ ಮುಗಿಯುವಾಗ ಯಾರ ಸೈನ್ಯ ಎಲ್ಲಿ ನಿಂತಿತ್ತು ಎಂಬುದನ್ನು ಮೊದಲು ಕೇಳಬೇಕು.

1944ರ ಅಕ್ಟೋಬರ್ 9ರ ರಾತ್ರಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಮಾಸ್ಕೋದ ಕ್ರೆಮ್ಲಿನ್‌ನಲ್ಲಿ ಸೋವಿಯತ್ ನಾಯಕ ಸ್ಟಾಲಿನ್ನರ ಎದುರು ಕುಳಿತಿದ್ದರು. ಯುದ್ಧದ ನಂತರ ಯಾವ ದೇಶದಲ್ಲಿ ಯಾರ ಪ್ರಭಾವ ಎಷ್ಟಿರಬೇಕೆಂದು ಅರ್ಧ ಹಾಳೆಯ ಮೇಲೆ ಚರ್ಚಿಲ್ ಬರೆದದ್ದಿಷ್ಟು: ರುಮೇನಿಯದಲ್ಲಿ ರಷ್ಯಕ್ಕೆ ಶೇಕಡ 90, ಗ್ರೀಸಿನಲ್ಲಿ ಬ್ರಿಟನ್ನಿಗೆ ಶೇಕಡ 90, ಬಲ್ಗೇರಿಯದಲ್ಲಿ ರಷ್ಯಕ್ಕೆ ಶೇಕಡ 75, ಯುಗೊಸ್ಲಾವಿಯ ಮತ್ತು ಹಂಗೇರಿಗಳಲ್ಲಿ ಸಮಪಾಲು. ಸ್ಟಾಲಿನ್ ನೀಲಿ ಪೆನ್ಸಿಲಿನಿಂದ ಅದರ ಮೇಲೊಂದು ದೊಡ್ಡ ಗುರುತು ಹಾಕಿ ಕಾಗದವನ್ನು ಹಿಂದಕ್ಕೆ ತಳ್ಳಿದರು. ಕೋಟ್ಯಂತರ ಜನರ ಹಣೆಬರಹವನ್ನು ಇಷ್ಟು ಹಗುರವಾಗಿ ತೀರ್ಮಾನಿಸಿದೆವೆಂದು ಲೋಕ ಆಡಿಕೊಂಡೀತೆಂಬ ಅಳುಕಿನಿಂದ, ಇದನ್ನು ಸುಟ್ಟುಬಿಡೋಣವೇ ಎಂದು ಚರ್ಚಿಲ್ ಕೇಳಿದರು. ಬೇಡ, ನೀವೇ ಇಟ್ಟುಕೊಳ್ಳಿ ಎಂದರು ಸ್ಟಾಲಿನ್. ಈ ಪ್ರಸಂಗವನ್ನು ಬರೆದಿಟ್ಟವರು ಸ್ವತಃ ಚರ್ಚಿಲ್ಲರೇ. ಆ ಹಾಳೆಯಲ್ಲಿ ಬಂಡವಾಳವೆಂಬ ಮಾತಿಲ್ಲ, ಕಾರ್ಮಿಕರ ಮಾತಿಲ್ಲ, ದೇಶಗಳ ಹೆಸರು ಮತ್ತು ಅಂಕಿಗಳಷ್ಟೇ ಇವೆ ಎಂಬುದನ್ನು ದಯವಿಟ್ಟು ಗಮನಿಸಿ. ಅದೇ ಡಿಸೆಂಬರಿನಲ್ಲಿ ಬ್ರಿಟಿಷ್ ಸೈನಿಕರು ಅಥೆನ್ಸಿನ ಬೀದಿಗಳಲ್ಲಿ ಗ್ರೀಸಿನ ಕಮ್ಯುನಿಸ್ಟರ ಮೇಲೆ ಗುಂಡು ಹಾರಿಸಿದಾಗ, ಲೋಕದ ಕಮ್ಯುನಿಸ್ಟರಿಗೆಲ್ಲ ನಾಯಕರೆನಿಸಿದ್ದ ಸ್ಟಾಲಿನ್ ಸುಮ್ಮನಿದ್ದರು.

ಆ ಪಟ್ಟಿಯಲ್ಲಿ ಪೋಲೆಂಡ್ ಇರಲಿಲ್ಲ. ಒಡಕು ಮೂಡಿದ್ದು ಅಲ್ಲಿಯೇ. ಮೂವತ್ತು ವರ್ಷಗಳಲ್ಲಿ ಎರಡು ಸಲ ಜರ್ಮನರು ಆ ದಾರಿಯಿಂದ ರಷ್ಯದೊಳಕ್ಕೆ ನುಗ್ಗಿದ್ದರು, ಎರಡನೆಯ ಯುದ್ಧವೊಂದರಲ್ಲೇ ಸುಮಾರು 2 ಕೋಟಿ 70 ಲಕ್ಷ ಸೋವಿಯತ್ ಜನರು ಸತ್ತಿದ್ದರು. ಅಂಥ ದೇಶ ತನ್ನ ಹೆಬ್ಬಾಗಿಲನ್ನು ಪರರ ಕೈಗೆ ಬಿಡಲು ಸಿದ್ಧವಿರಲಿಲ್ಲ. 1945ರ ಫೆಬ್ರವರಿಯಲ್ಲಿ ಮೂರು ದೇಶಗಳ ನಾಯಕರು ಯಾಲ್ಟಾದಲ್ಲಿ ಸೇರಿದಾಗ ಸ್ಟಾಲಿನ್ ಪೋಲೆಂಡಿನಲ್ಲಿ ಮುಕ್ತ ಚುನಾವಣೆಗೆ ಒಪ್ಪಿದರು. 1947ರ ಜನವರಿಯಲ್ಲಿ ನಡೆದದ್ದು ಬರೀ ಮೋಸದ ಚುನಾವಣೆ. ಎರಡು ಸಾಗರಗಳ ಆಸರೆಯಲ್ಲಿದ್ದ ಅಮೆರಿಕಕ್ಕೆ ರಷ್ಯದ ಭಯ ಅರ್ಥವಾಗಲಿಲ್ಲ, ಪೋಲೆಂಡಿನ ಜನರಿಗಾದ ಅನ್ಯಾಯವನ್ನು ಸ್ಟಾಲಿನ್ ಲೆಕ್ಕಕ್ಕೇ ಇಡಲಿಲ್ಲ.

ಕಾಲಾವಕಾಶ ಕಡಿಮೆಯಿರುವುದರಿಂದ ಅಣುಬಾಂಬಿನ ವಿಷಯವನ್ನು ಬಿಟ್ಟು ಮುಂದೆ ಹೋಗುತ್ತೇನೆ. 1947ರ ಫೆಬ್ರವರಿಯಲ್ಲಿ ಬ್ರಿಟನ್, ಗ್ರೀಸಿನ ಹೊಣೆಯನ್ನು ಇನ್ನು ಹೊರಲಾರೆನೆಂದು ಅಮೆರಿಕಕ್ಕೆ ತಿಳಿಸಿತು. ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗಳಿಗಾಗಿ ತಮ್ಮ ಸಂಸತ್ತನ್ನು 40 ಕೋಟಿ ಡಾಲರ್ ಕೇಳಿದರು. ಚರ್ಚಿಲ್ಲರು ಶೇಕಡ 90 ಎಂದು ಬರೆದುಕೊಂಡಿದ್ದ ಅದೇ ಗ್ರೀಸ್! ಮರುವರ್ಷ ಜೂನಿನಲ್ಲಿ, ಸೋತ ಜರ್ಮನಿಯಲ್ಲಿ ಸೋವಿಯತ್ ಸೈನ್ಯದ ವಶದಲ್ಲಿದ್ದ ವಲಯದ ನಡುವೆ ಸಿಕ್ಕಿಕೊಂಡಿದ್ದ, ಪಶ್ಚಿಮದ ದೇಶಗಳ ಕೈಯಲ್ಲಿದ್ದ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನೆಲ್ಲ ಸ್ಟಾಲಿನ್ ಮುಚ್ಚಿಸಿದಾಗ, 20 ಲಕ್ಷಕ್ಕೂ ಹೆಚ್ಚು ಜನರಿಗೆ ಬೇಕಾದ ಹಿಟ್ಟು ಮತ್ತು ಕಲ್ಲಿದ್ದಲು ಅಮೆರಿಕ ಮತ್ತು ಬ್ರಿಟನ್ನಿನ ವಿಮಾನಗಳಲ್ಲಿ ಬಂದವು. ದಾರಿ ಮತ್ತೆ ತೆರೆದದ್ದು 1949ರ ಮೇ 12ರಂದು. ಅಷ್ಟರಲ್ಲಿ ಅಮೆರಿಕ ಮತ್ತು ಅದರ ಮಿತ್ರರ ಸೈನಿಕ ಕೂಟವಾದ ನ್ಯಾಟೋದ ಒಪ್ಪಂದಕ್ಕೆ ಸಹಿ ಬಿದ್ದು ಒಂದು ತಿಂಗಳು ಕಳೆದಿತ್ತು.

ನಮಸ್ಕಾರ.