ಅಂಚಿನಲ್ಲಿ ಬರೆದ ಮದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ರಾಯಚೂರಿನವನು. ಗ್ರಂಥಾಲಯದ ಕೆಲಸದಲ್ಲೇ ತಲೆ ಬೆಳ್ಳಗಾಯಿತು. ಇವತ್ತು ಹಳೆಯ ವೈದ್ಯ ಪುಸ್ತಕಗಳ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಮೊದಲೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೋ, ಊರಿನ ಮಠದಲ್ಲೋ, ಕಾಲೇಜಿನ ಲೈಬ್ರರಿಯಲ್ಲೋ ಅಂಥ ಪುಸ್ತಕ ಇದ್ದರೆ, ಅದನ್ನು ಬೈಂಡಿಂಗಿಗೆ ಕೊಡುವ ಮುಂಚೆ ಪುಟಗಳ ಅಂಚನ್ನು ನೋಡಿ. ಅಚ್ಚಾದ ಸಾಲುಗಳನ್ನಲ್ಲ, ಅವುಗಳ ಸುತ್ತ ಬಿಟ್ಟ ಖಾಲಿ ಜಾಗವನ್ನು ನೋಡಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಭಾಗದ ಪುಸ್ತಕದ ಕಪಾಟು ಬೇರೆ ಕಡೆಯ ಹಾಗಿರುವುದಿಲ್ಲ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹೀಗಾಗಿ ಒಂದೇ ಮನೆಯ ಟ್ರಂಕಿನಲ್ಲಿ ಕನ್ನಡದ ಓಲೆಗರಿ, ತೆಲುಗಿನ ವೈದ್ಯ ಪುಸ್ತಕ, ಉರ್ದುವಿನ ಯುನಾನಿ ಗ್ರಂಥ ಎಲ್ಲಾ ಒಟ್ಟಿಗೆ ಸಿಗುತ್ತವೆ. ನಿಜಾಮರ ಕಾಲದಲ್ಲಿ ಇಲ್ಲಿ ಶಾಲೆ ಕಲಿತ ಕನ್ನಡಿಗರಲ್ಲಿ ಹೆಚ್ಚಿನವರು ಉರ್ದುವಿನಲ್ಲೇ ಕಲಿತರು. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠದ ಭಾಷೆ ಉರ್ದು. ಅದಕ್ಕಾಗಿಯೇ ಅನುವಾದದ ಇಲಾಖೆ ಕಟ್ಟಿ, ಇಂಗ್ಲಿಷ್ ವೈದ್ಯದ ಪಠ್ಯಗಳನ್ನೂ ಉರ್ದುವಿಗೆ ತಂದರು. ಇವತ್ತು ಅವನ್ನು ಓದಬಲ್ಲ ಡಾಕ್ಟರರು ಎಷ್ಟು ಜನ ಸಿಗುತ್ತಾರೆ? ಓದುವವರಿಲ್ಲ ಅಂದ ತಕ್ಷಣ ಪುಸ್ತಕ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಈ ಬೆರಕೆ ಬರೀ ಪುಸ್ತಕದಲ್ಲಿ ಇರಲಿಲ್ಲ, ಮನುಷ್ಯರಲ್ಲೂ ಇತ್ತು. ಪಂಡಿತ ತಾರಾನಾಥರ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು, ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಮಾಡಿ ಮದ್ದು ಕೊಟ್ಟರು. ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜಿಗೆ ಅವರದೇ ಹೆಸರಿದೆ.

ಈಗ ಅಂಚಿನ ಮಾತಿಗೆ ಬರುತ್ತೇನೆ. ನಾನು ಕೈಯಲ್ಲಿ ಹಿಡಿದು ನೋಡಿದ ಒಂದು ಪುಸ್ತಕದ ಬಗ್ಗೆ ಹೇಳುತ್ತೇನೆ. ಉರ್ದುವಿನ ಯುನಾನಿ ಪುಸ್ತಕ, ಕಲ್ಲಚ್ಚಿನದು. ಅಂದರೆ ಬರಹಗಾರ ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚು ಹಾಕಿದ್ದು. ಮೊದಲ ಹಾಳೆ, ಕೊನೆಯ ಹಾಳೆ ಎರಡೂ ಇಲ್ಲ. ಯಾವ ಊರಲ್ಲಿ, ಯಾವ ವರ್ಷ ಅಚ್ಚಾಯಿತು ಅನ್ನುವ ಗುರುತಿಲ್ಲ. ಹಳೆ ಪುಸ್ತಕ ಮಾರುವವರ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಆದರೆ ಜ್ವರದ ಅಧ್ಯಾಯದಲ್ಲಿ, ಬಲಗಡೆಯ ಅಂಚಿನಲ್ಲಿ, ಕಪ್ಪು ಮಸಿಯಲ್ಲಿ ಸಣ್ಣಗೆ ಕನ್ನಡ ಅಕ್ಷರ. ಅಮೃತಬಳ್ಳಿಯ ಕಷಾಯ ಎಷ್ಟು ಕೊಡಬೇಕು ಅಂತ ತೊಲದ ಲೆಕ್ಕದಲ್ಲಿ ಬರೆದಿದೆ. ಪುಸ್ತಕ ಹೇಳಿದ್ದಕ್ಕಿಂತ ಕಡಿಮೆ. ಪಕ್ಕದಲ್ಲಿ, ಬಾಣಂತಿಗೆ ಬೇಡ ಅಂತ ಒಂದು ಮಾತು. ಅದರ ಕೆಳಗೆ, ಮೂರು ದಿನ ಕೊಟ್ಟೆ, ಇಳಿಯಲಿಲ್ಲ ಅಂತ ಇನ್ನೊಂದು ಸಾಲು. ಮತ್ತೂ ಕೆಳಗೆ ಬೇರೆ ಮಸಿ, ಬೇರೆ ಕೈಬರಹ. ಇಂಥವರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ.

ನೋಡಿ, ಆ ಪುಸ್ತಕದ ಅಚ್ಚಾದ ಭಾಗ ಇನ್ನೊಂದು ಪ್ರತಿಯಲ್ಲಿ ಸಿಕ್ಕೀತು. ಈ ನಾಲ್ಕು ಸಾಲು ಜಗತ್ತಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಮದ್ದು ಫಲಿಸಲಿಲ್ಲ ಅಂತ ಒಬ್ಬ ವೈದ್ಯ ತನಗಾಗಿ ಬರೆದಿಟ್ಟುಕೊಂಡ ಮಾತು ಅದು. ಯಾವ ಊರಿನ ಕಾಯಿಲೆಗೆ ಯಾವ ಗಿಡ ಬಳಸಿದರು, ಎಷ್ಟು ಕೊಟ್ಟರು, ಯಾವಾಗ ಕೈಬಿಟ್ಟರು ಅನ್ನುವ ಚರಿತ್ರೆ ಇರುವುದು ಇಲ್ಲೇ.

ಇಂಥ ಪುಸ್ತಕ ಬೈಂಡಿಂಗಿಗೆ ಹೋದರೆ ಏನಾಗುತ್ತದೆ? ಹೊಲಿಗೆ ಹಾಕಿ, ರಟ್ಟು ಕಟ್ಟುವ ಮುಂಚೆ ಮೂರೂ ಕಡೆ ಕಟಿಂಗ್ ಮಷಿನ್ನಿಗೆ ಕೊಡುತ್ತಾರೆ. ಅಂಚು ಸಮ ಆಗಬೇಕಲ್ವಾ? ಒಂದೇ ಏಟಿಗೆ ಅರ್ಧ ಅಂಗುಲ ಹೋಗುತ್ತದೆ. ಅದರ ಜೊತೆ ಆ ಬರಹವೂ ಹೋಗುತ್ತದೆ. ಬೈಂಡರನ ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ನಾವು ಹೇಳಬೇಕು. 'ಅಣ್ಣಾ, ಇದಕ್ಕೆ ಕಟಿಂಗ್ ಬೇಡ' ಅಂತ ಒಂದು ಚೀಟಿ ಬರೆದು ಪುಸ್ತಕದ ಒಳಗೆ ಇಟ್ಟರೂ ಸಾಕು.

ಅಂಟಿನ ಬಗ್ಗೆಯೂ ಹೇಳಲೇಬೇಕು. ನಮ್ಮಲ್ಲಿ ಬೈಂಡಿಂಗಿಗೆ ಮೈದಾ ಅಂಟು ಕಾಸುತ್ತಾರೆ. ಹುಳ ಬರಬಾರದು ಅಂತ ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಹುಳಕ್ಕೇನೋ ಅದು ವಿಷ. ಆದರೆ ಮೈಲುತುತ್ತದಲ್ಲಿ ತಾಮ್ರ ಇದೆ, ಅದು ಕಾಗದವನ್ನೂ ನಿಧಾನಕ್ಕೆ ತಿನ್ನುತ್ತದೆ. ಹಳೆ ಪುಸ್ತಕಕ್ಕೆ ಬೇಕಾದದ್ದು ಗೋಧಿಯ ಪಿಷ್ಟ ಮಾತ್ರ. ಮಾಡುವುದು ಕಷ್ಟವಲ್ಲ. ಮೈದಾ ಕಣಕ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ಹಿಸುಕುತ್ತಾ ಹೋಗಿ. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಕೈಯಲ್ಲಿ ರಬ್ಬರಿನಂಥ ಜಿಗುಟು ಉಳಿಯುತ್ತದೆ. ಆ ಜಿಗುಟು ಬೇಡ, ಹುಳಕ್ಕೆ ಇಷ್ಟವಾಗುವುದೇ ಅದು. ನೀರು ತಿಳಿಯಾಗಲು ಬಿಟ್ಟು, ತಳದಲ್ಲಿ ಕೂತ ಬಿಳಿ ಗಸಿಯನ್ನು ಸಣ್ಣ ಉರಿಯಲ್ಲಿ ಕಾಸಿ, ಆರಿಸಿ, ಸೋಸಿ ಬಳಸಬೇಕು. ಹರಿದ ಜಾಗಕ್ಕೆ ಜಪಾನಿನ ತೆಳು ಕಾಗದ ಹಚ್ಚಿ ಈ ಅಂಟು ಹಾಕಿದರೆ, ಮುಂದೆ ಯಾವಾಗ ಬೇಕಾದರೂ ನೀರು ತಾಗಿಸಿ ಬಿಡಿಸಬಹುದು. ಹಾಗೆ ಬಿಡಿಸಲು ಬರಬೇಕು, ಅದು ಮುಖ್ಯ. ಸೆಲ್ಲೋ ಟೇಪ್ ಮಾತ್ರ ಹಚ್ಚಲೇಬೇಡಿ. ವರ್ಷಗಳು ಕಳೆದ ಮೇಲೆ ಟೇಪು ಉದುರುತ್ತದೆ, ಅದರ ಅಂಟು ಕಂದು ಕಲೆಯಾಗಿ ಕಾಗದದ ಒಳಗೇ ಕೂರುತ್ತದೆ. ಹಳೆ ಪುಸ್ತಕಗಳ ಲ್ಯಾಮಿನೇಷನ್ ಮಾತೂ ಅಷ್ಟೇ.

ಒಂದು ವಿಚಿತ್ರ ಹೇಳುತ್ತೇನೆ. ಬಟ್ಟೆಯ ಚಿಂದಿಯಿಂದ ಮಾಡಿದ ಇನ್ನೂರು ವರ್ಷ ಹಳೆಯ ಕಾಗದ ಇವತ್ತಿಗೂ ಮೆತ್ತಗೆ ಮಡಚುತ್ತದೆ. ಅದಕ್ಕಿಂತ ನೂರು ವರ್ಷ ಈಚಿನ ಪುಸ್ತಕ ಮುಟ್ಟಿದರೆ ಪುಡಿ. 19ನೆಯ ಶತಮಾನದ ಮಧ್ಯದಿಂದ ಕಾಗದವನ್ನು ಮರದ ತಿರುಳಿನಿಂದ ಮಾಡಲು ಶುರು ಮಾಡಿದರು. ಮಸಿ ಹರಡದಿರಲಿ ಅಂತ ಪಟಿಕದ ಲವಣ ಸೇರಿಸಿದರು. ಅದು ಕಾಗದದೊಳಗೆ ಆಮ್ಲ ಹುಟ್ಟಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಆಮ್ಲದ ಕೆಲಸ ಬೇಗ. ರಾಯಚೂರಿನ ಬೇಸಿಗೆ ನಿಮಗೆ ಗೊತ್ತಲ್ಲ, 42, 43 ಡಿಗ್ರಿ ನಮಗೆ ಹೊಸದಲ್ಲ. ಪಡುವಣ ಗೋಡೆಗೆ ಒತ್ತಿ ಇಟ್ಟ ಕಬ್ಬಿಣದ ಅಲಮಾರಿ ಮೇ ತಿಂಗಳಲ್ಲಿ ಒಲೆಯೇ. ಅಲಮಾರಿಯನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ, ನೆಲದಿಂದ ಎತ್ತರಿಸಿ. ಗೆದ್ದಲು ಬರುವುದು ಗೋಡೆ ಹಿಡಿದೇ. ಎಸಿ ಹಾಕುವವರು ಹಗಲು ಹಾಕಿ ರಾತ್ರಿ ನಿಲ್ಲಿಸುತ್ತಾರೆ. ಅದಕ್ಕಿಂತ ಎಸಿ ಇಲ್ಲದಿರುವುದೇ ವಾಸಿ. ದಿನಾ ಹಿಗ್ಗಿ ಕುಗ್ಗಿ ಪುಸ್ತಕ ಬೇಗ ಸೋಲುತ್ತದೆ.

ಓಲೆಗರಿಯ ಆರೈಕೆ ಬೇರೆ. ಅದು ಒಣಗಿದರೆ ಸೀಳುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ತೆಳುವಾಗಿ ಸವರಿದರೆ ಗರಿ ಮತ್ತೆ ಬಾಗುತ್ತದೆ, ಹುಳವೂ ದೂರ. ಆದರೆ ಆ ಎಣ್ಣೆ ಗರಿಗೆ ಮಾತ್ರ, ಕಾಗದಕ್ಕೆ ತಾಗಿಸಬೇಡಿ. ದೇವರ ಜಗಲಿಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚುವ ಮನೆಗಳಿವೆ. ಆ ಭಕ್ತಿಗೆ ನಾನು ಕೈಮುಗಿಯುತ್ತೇನೆ, ಎಷ್ಟೋ ಗ್ರಂಥ ಉಳಿದದ್ದೇ ಅದರಿಂದ. ಮೇಲೆ ಸುತ್ತಿದ ಬಟ್ಟೆಗೆ ಪೂಜೆ ಮಾಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಹಳೆಯದಾಯಿತು ಅಂತ ಹೊಳೆಗೆ ಬಿಡುವ ರೂಢಿಯೂ ಇತ್ತು. ಕೃಷ್ಣೆ, ತುಂಗಭದ್ರೆ ಎರಡೂ ಹೊಳೆಗಳ ನಡುವಿನ ನಾಡು ನಮ್ಮದು. ಏನೇನು ನೀರು ಪಾಲಾಯಿತೋ.

ಕನ್ನಡದಲ್ಲಿ ವೈದ್ಯ ಬರೆದವರು ಸಾಮಾನ್ಯರಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಲೋಕೋಪಕಾರದಲ್ಲಿ ಅಡುಗೆ, ಅಂತರ್ಜಲ, ಮನುಷ್ಯರ ಮತ್ತು ದನಗಳ ಚಿಕಿತ್ಸೆ ಎಲ್ಲಾ ಹೇಳಿದ. ಆಮೇಲೆ ಚಾಲುಕ್ಯರ ಅರಸುಮನೆಯ ಕೀರ್ತಿವರ್ಮ ಗೋವೈದ್ಯ ಬರೆದ. ವಿಜಯನಗರದ ಮೊದಲ ದಿನಗಳಲ್ಲಿ ಮಂಗರಾಜ ಖಗೇಂದ್ರಮಣಿದರ್ಪಣದಲ್ಲಿ ವಿಷ ಮತ್ತು ವಿಷದ ಚಿಕಿತ್ಸೆಯನ್ನೇ ಪದ್ಯ ಮಾಡಿದ. ಅವರ ಕೈಬರಹ ನಮಗೆ ಉಳಿದಿಲ್ಲ. ಉಳಿದದ್ದು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡ ಪ್ರತಿಗಳು. ನಕಲು ಮಾಡಿಕೊಂಡವರಲ್ಲಿ ವೈದ್ಯರೂ ಇದ್ದರು. ಅವರೂ ತಮ್ಮ ಅನುಭವವನ್ನು ಗರಿಯ ತುದಿಯಲ್ಲಿ ಕೊರೆದರು.

ಇದರಿಂದ ಇವತ್ತಿಗೆ ಏನು ಉಪಯೋಗ ಅಂತ ಕೇಳುವವರಿದ್ದಾರೆ. ಅರಿಶಿನದ ಕಥೆ ಕೇಳಿ. ಗಾಯಕ್ಕೆ ಅರಿಶಿನ ಹಚ್ಚುವುದು ತಮ್ಮ ಶೋಧ ಅಂತ 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿತು. ಅಜ್ಜಿ ಹಚ್ಚುತ್ತಿದ್ದಳು ಅಂದರೆ ಅಲ್ಲಿ ನಡೆಯುವುದಿಲ್ಲ, ಬರೆದ ಸಾಕ್ಷಿ ಬೇಕು. ಸಂಸ್ಕೃತ, ಉರ್ದು, ಹಿಂದಿಯ 32 ದಾಖಲೆಗಳನ್ನು ಮುಂದಿಟ್ಟರು. ಅವುಗಳಲ್ಲಿ ಕೆಲವು ನೂರು ವರ್ಷಕ್ಕೂ ಹಳೆಯವು. 1997ರಲ್ಲಿ ಪೇಟೆಂಟ್ ರದ್ದಾಯಿತು. ಉರ್ದುವಿನ ಪುಸ್ತಕವೂ ಸಾಕ್ಷಿಯಾಗಿ ನಿಂತಿತು ಅನ್ನುವುದನ್ನು ರಾಯಚೂರಿನ ನಾವು ನೆನಪಿಡಬೇಕು.

ಹಾಗಂತ ಹಳೆ ಪುಸ್ತಕ ನೋಡಿ ಮನೆಯಲ್ಲಿ ಮದ್ದು ಮಾಡಿಕೊಳ್ಳಬೇಡಿ. ಪಾದರಸ, ಪಾಷಾಣ, ಹರಿತಾಳದಂಥ ವಿಷಗಳನ್ನು ಬೆರೆಸಿದ ಮದ್ದುಗಳು ಆ ಪುಟಗಳಲ್ಲಿ ಬೇಕಾದಷ್ಟಿವೆ. ಇಂಗ್ಲಿಷ್ ವೈದ್ಯದ ಹಳೆ ಪುಸ್ತಕಗಳೂ ಪಾದರಸದ ಗುಳಿಗೆಯನ್ನು ಧಾರಾಳವಾಗಿ ಹೇಳಿವೆ. ಕಾಯಿಲೆಗೆ ಡಾಕ್ಟರ ಹತ್ತಿರ ಹೋಗಿ. ಪುಸ್ತಕ ಇರುವುದು ತಿಳಿಯುವುದಕ್ಕೆ.

ವೈದ್ಯಕೀಯ ಕಾಲೇಜುಗಳ ಗ್ರಂಥಪಾಲಕರಿಗೆ ಒಂದು ವಿನಂತಿ. ಹೊಸ ಆವೃತ್ತಿ ಬಂದಾಗ ಹಳೆಯದನ್ನು ರದ್ದು ಮಾಡುವುದು ನಿಯಮ, ಓದುವ ಹುಡುಗರಿಗೆ ಅದೇ ಸರಿ. ಆದರೆ ರದ್ದಾದ ರಾಶಿ ಗುಜರಿಗೆ ಹೋಗುವ ಮುಂಚೆ ಯಾರಾದರೂ ಒಬ್ಬರು ಕೂತು ಪುಟ ತಿರುವಲಿ. ಮದ್ರಾಸ್ ಸೈನ್ಯದ ಸರ್ಜನ್ ವೈಟ್‌ಲಾ ಏನ್ಸ್ಲಿ 1826ರಲ್ಲಿ ತಂದ ಮೆಟೀರಿಯಾ ಇಂಡಿಕಾದಲ್ಲಿ ಮದ್ದುಗಳಿಗೆ ತಮಿಳು, ತೆಲುಗು, ದಖ್ಖನಿ ಹೆಸರುಗಳೂ ಇವೆ. ಅಂಥದ್ದೊಂದು ಆ ರಾಶಿಯಲ್ಲಿ ಇರಬಹುದು. ಹಳೆ ಪುಸ್ತಕಗಳಿಗೆ ಒಂದು ಕಾಲದಲ್ಲಿ ಹುಳ ಕೊಲ್ಲುವ ವಿಷಗಳಾದ ಡಿಡಿಟಿ, ಗ್ಯಾಮೆಕ್ಸಿನ್ ಪುಡಿ ಎರಚುತ್ತಿದ್ದರು. ಹಾಗಾಗಿ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ.

ಮನೆಯಲ್ಲಿ ಪುಸ್ತಕ ಇಟ್ಟುಕೊಂಡವರು ಅದನ್ನು ಯಾರಿಗೂ ಕೊಡಬೇಕಾಗಿಲ್ಲ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಟ್ಟು, ಮೊಬೈಲಿನಲ್ಲಿ ಪುಟಪುಟವೂ ಫೋಟೋ ತೆಗೆಯಿರಿ. ಅಂಚು ಪೂರ್ತಿ ಬರಲಿ. ಖಾಲಿ ಪುಟವನ್ನೂ ಬಿಡಬೇಡಿ. ನಡುವೆ ಚೀಟಿ, ಒಣಗಿದ ಎಲೆ ಸಿಕ್ಕರೆ ಅದು ಯಾವ ಪುಟದಲ್ಲಿತ್ತು ಅಂತ ಬರೆದಿಡಿ. ಓಲೆಗರಿಯ ಕಟ್ಟಾಗಿದ್ದರೆ ದಾರ ಬಿಚ್ಚಬೇಡಿ, ಗರಿಗಳ ಕ್ರಮ ತಪ್ಪಿದರೆ ಜೋಡಿಸುವುದು ಬಹಳ ಕಷ್ಟ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೇ ಒಂದು ವಿಭಾಗ ಇದೆ. ನಮಗೇನು ದೂರವಲ್ಲ, ಅಲ್ಲಿನವರನ್ನು ಕೇಳಿ. ಮನೆಯಲ್ಲಿ ಹಿರಿಯರಿದ್ದರೆ ಆ ಪುಸ್ತಕ ಯಾರದು, ಅವರು ಯಾವ ಯಾವ ಊರಿಗೆ ಮದ್ದು ಕೊಡಲು ಹೋಗುತ್ತಿದ್ದರು ಅಂತ ಈ ವಾರವೇ ಕೇಳಿ ಬರೆದುಕೊಳ್ಳಿ. ಅಂಚಿನಲ್ಲಿರುವ ಕೈಬರಹ ಯಾರದು ಅಂತ ಗುರುತಿಸಬಲ್ಲವರು ಅವರೊಬ್ಬರೇ.

ನಮಸ್ಕಾರ.