ನಾಲ್ಕನೆಯವನ ಕೈಗೆ ಬಂದ ಸಿಗರೇಟು

ಮಗನ ಅಂಗಿಯಲ್ಲಿ ಸಿಗರೇಟಿನ ವಾಸನೆ ಸಿಕ್ಕ ದಿನ ಮನೆಯವರ ಬಾಯಿಂದ ಮೊದಲು ಹೊರಡುವ ಮಾತು ‘ಸಹವಾಸ ದೋಷ’. ನಮ್ಮ ಹುಡುಗನನ್ನು ಅವನ ಗೆಳೆಯ ಕೆಡಿಸಿದ ಎಂದು ನಾವು ನಿರ್ಧರಿಸುವ ಹೊತ್ತಿಗೆ, ಆ ಗೆಳೆಯನ ಮನೆಯಲ್ಲಿಯೂ ನಮ್ಮ ಹುಡುಗನ ಬಗ್ಗೆ ಇದೇ ನಿರ್ಧಾರವಾಗಿರುತ್ತದೆ. ಎರಡೂ ಮನೆಗಳು ಹೀಗೆ ಪರಸ್ಪರ ದೂರುತ್ತಿರುವಾಗ ಕಾಲೇಜಿನ ಪಕ್ಕದ ಬೀಡಾ ಅಂಗಡಿಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.

ವೀಕ್ಷಕರೇ, ‘ಸೇದಲೇಬೇಕು’ ಎಂದು ಕೈ ಹಿಡಿದು ಬಲವಂತ ಮಾಡುವ ಗೆಳೆಯರನ್ನು ನಾನು ಕಂಡದ್ದು ಬಹಳ ಕಡಿಮೆ. ತರಗತಿ ಬಿಟ್ಟ ಮೇಲೆ ನಾಲ್ವರು ಹುಡುಗರು ಅಂಗಡಿಯ ಮುಂದೆ ಸೇರುತ್ತಾರೆ, ಜೇಬಿನಲ್ಲಿದ್ದ ಚಿಲ್ಲರೆ ಕೂಡಿಸಿ ಒಂದೇ ಒಂದು ಸಿಗರೇಟು ಕೊಳ್ಳುತ್ತಾರೆ, ಅದು ಒಂದೊಂದು ದಮ್ಮಿಗೆ ಕೈಯಿಂದ ಕೈಗೆ ದಾಟುತ್ತ ಕೊನೆಗೆ ನಾಲ್ಕನೆಯವನ ಮುಂದೆ ಬಂದು ನಿಲ್ಲುತ್ತದೆ. ಆ ಕ್ಷಣದಲ್ಲಿ ಅವನನ್ನು ಕಾಡುವುದು ಶ್ವಾಸಕೋಶದ ಚಿಂತೆಯಲ್ಲ. ಬೇಡವೆಂದರೆ ನಾಳೆ ಈ ಗುಂಪಿನಲ್ಲಿ ತನಗೆ ಜಾಗ ಇರುತ್ತದೆಯೇ ಎಂಬ ಅಳುಕು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಬ್ಬರೇ ಆಡುವಾಗಿನದಕ್ಕಿಂತ ಓರಗೆಯವರ ಎದುರು ಆಡುವಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು, ವಯಸ್ಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಗೆಳೆಯರು ಬಾಯಿಬಿಟ್ಟು ಒತ್ತಾಯಿಸಬೇಕಾಗಿಲ್ಲ, ಪಕ್ಕದಲ್ಲಿದ್ದರೆ ಸಾಕು.

ಆದ್ದರಿಂದಲೇ ಬಿಡಿಯಾಗಿ ಸಿಗರೇಟು ಮಾರುವುದನ್ನು ಸಣ್ಣ ವಿಷಯವೆಂದು ನಾನು ಒಪ್ಪಲಾರೆ. ಇಡೀ ಪ್ಯಾಕು ಕೊಳ್ಳುವಷ್ಟು ದುಡ್ಡು ಎಷ್ಟು ವಿದ್ಯಾರ್ಥಿಗಳ ಜೇಬಿನಲ್ಲಿರುತ್ತದೆ? 2003ರ ಕೇಂದ್ರ ಕಾಯ್ದೆ 18 ವರ್ಷದೊಳಗಿನವರಿಗೆ ಮತ್ತು ಶಿಕ್ಷಣ ಸಂಸ್ಥೆಗಳ 100 ಗಜದೊಳಗೆ ತಂಬಾಕು ಮಾರುವುದನ್ನು ನಿಷೇಧಿಸಿತು. ಅದಕ್ಕೆ ಕರ್ನಾಟಕ ತಂದ ತಿದ್ದುಪಡಿಯು 2025ರಲ್ಲಿ ಜಾರಿಗೆ ಬಂದು, ವಯೋಮಿತಿಯನ್ನು 21ಕ್ಕೆ ಏರಿಸಿ, ಬಿಡಿ ಸಿಗರೇಟಿನ ಮಾರಾಟವನ್ನೂ ತಡೆಯಿತು. ಇದು ಸರಿಯಾದ ಕಾನೂನು. ಆದರೂ ಎಷ್ಟೋ ಗೂಡಂಗಡಿಗಳಲ್ಲಿ ತೆರೆದ ಪ್ಯಾಕು ಇಂದಿಗೂ ಕೈಗೆಟುಕುವಲ್ಲೇ ಇರುತ್ತದೆ. ಅಂಗಡಿಯವನ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ, ಆದರೆ ಸಮವಸ್ತ್ರದಲ್ಲಿ ಬಂದ ಹುಡುಗನ ವಯಸ್ಸು ಅವನಿಗೂ ಕಾಣುತ್ತದೆ.

ಇನ್ನು ಆ ನಾಲ್ಕನೆಯವನ ಮಾತು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್, ಗೆರೆಗಳ ಉದ್ದ ಹೇಳುವ ಪರೀಕ್ಷೆಯಲ್ಲಿ ಗುಂಪೆಲ್ಲ ಬೇಕೆಂದೇ ತಪ್ಪು ಹೇಳಿದಾಗ ಕಣ್ಣೆದುರಿನ ಸತ್ಯವನ್ನೇ ಅನೇಕರು ಬಿಟ್ಟುಕೊಡುವುದನ್ನು ತೋರಿಸಿದರು. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಕೊಟ್ಟರೂ ಹಾಗೆ ಸೋಲುವವರು ಬಹಳಷ್ಟು ಕಡಿಮೆಯಾದರು. ನಮ್ಮ ಹುಡುಗನಿಗೂ ಬೇಕಿರುವುದು ‘ನನಗೂ ಬೇಡ, ನಡಿ, ಟೀ ಕುಡಿಯೋಣ’ ಎನ್ನುವ ಒಬ್ಬ ಜೊತೆಗಾರ. ಸಹವಾಸ ದೋಷವೆಂದು ಸಿಟ್ಟಾಗಿ, ಮಗನ ಯಾವ ಗೆಳೆಯನೂ ಹೊಸಲು ತುಳಿಯಬಾರದೆಂದು ಆಜ್ಞೆ ಮಾಡುವ ಅಪ್ಪ, ಆ ಜೊತೆಗಾರನನ್ನೂ ಆಚೆಗೆ ಕಳುಹಿಸಿರುತ್ತಾನೆ.